ನಳಿಗೆಯೊಳಗಿನ ಗಂಧ

ಸಿಂದಗಿಯ ಹಳೇ ಪೇಟೆಯಲ್ಲಿ ಬಂದೂಕು ರಿಪೇರಿಯ ಮೈಬೂಬನ ಅಂಗಡಿ. ಭಾಗೀರಥೀಬಾಯಿಗೆ ಅಲ್ಲಿ ಏನೂ ಕೆಲಸವಿರಲಿಲ್ಲ. ಆದರೆ ರೈಫಲ್ ಅವರ ಯಜಮಾನರದು. ಅವರು ತೀರಿದ ಮೇಲೆ ಲೈಸೆನ್ಸು ಮೊಮ್ಮಗಳು ಮಂಜರಿಯ ಹೆಸರಿಗಾಗಿತ್ತು. ಅದರ ಅರ್ಧ ಮೈ ತೆಗೆದು ಬೇರೆಯದು ಹಾಕುತ್ತಾರೆಂದು ಕೇಳಿದವರೇ, ಹೂವಿನ ಹಿಪ್ಪರಗಿಯ ಮನೆಯಲ್ಲಿ ಕೂತಿರಲಾರದೆ ಮಂಜರಿಯ ಕಾರು ಹತ್ತಿ ಬಂದಿದ್ದರು.

ಅದು ತಾನೇ ತುಂಬಿಕೊಳ್ಳುವ ಜಾತಿಯ ರೈಫಲ್. ಒಂದು ಗುಂಡು ಹಾರಿದ ಕೂಡಲೇ ಖಾಲಿ ತೋಟೆ ಹೊರಗೆ ಜಿಗಿದು, ಮುಂದಿನದು ಒಳಗೆ ಸೇರಿಕೊಳ್ಳುತ್ತದೆ. ಗುಂಡು ಹಾದುಹೋಗುವ ಹಳೇ ನಳಿಗೆಯ ಒಳಮೈ ಸವೆದುಹೋಗಿತ್ತು. ಮಂಜರಿ ಎಷ್ಟು ಉಸಿರು ಬಿಗಿಹಿಡಿದು ಹೊಡೆದರೂ ಗುಂಡುಗಳು ಗುರಿಯ ಕಾಗದದ ಮೇಲೆ ಜೋಳ ಚೆಲ್ಲಿದ ಹಾಗೆ ಬೀಳುತ್ತಿದ್ದವು. ದೀಪಾವಳಿಗೆ ಮೊದಲು ಅವಳಿಗೆ ಶೂಟಿಂಗ್ ತಂಡದ ಆಯ್ಕೆಯ ಸ್ಪರ್ಧೆಯಿತ್ತು.

ಮೈಬೂಬ ಎರಡು ನಳಿಗೆಗಳನ್ನು ಬಟ್ಟೆಯ ಮೇಲೆ ಇಟ್ಟ.

"ಇದು ಸಡ್ಲ ಐತ್ರಿ ಅಕ್ಕಾರ. ಧೂಳ ಇರ್ಲಿ, ಎಣ್ಣಿ ಇರ್ಲಿ, ತೋಟಾ ನುಂಗ್ತೈತಿ. ಗುರಿ ಸುಮಾರ. ಇದು ಬಿಗಿ. ಸ್ಪರ್ಧಾಕ್ಕಂತನ ಮಾಡಿದ್ದು."

ಮಂಜರಿ ಮೆತ್ತನೆಯ ಸೀಸದ ಚೂರೊಂದನ್ನು ಒಂದೊಂದರೊಳಗೂ ಸರಳಿನಿಂದ ತಳ್ಳಿ ನೋಡಿದಳು. ಸಡಿಲದ್ದರಲ್ಲಿ ನಡುದಾರಿಯಲ್ಲಿ ಸರಳು ಒಮ್ಮೆಲೆ ಜಾರಿತು. ಬಿಗಿಯದ್ದರಲ್ಲಿ ಈ ತುದಿಯಿಂದ ಆ ತುದಿಯ ತನಕ ಒಂದೇ ಸಮ ಹೋಯಿತು, ಎಲ್ಲೂ ಎಡವಲಿಲ್ಲ. ನಳಿಗೆಯ ಬಾಯಿಯ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಎಲ್ಲೂ ಮುಕ್ಕಾಗಿರಲಿಲ್ಲ.

"ಇದೇ ಬೇಕು."

"ಒಂದ ಮಾತ ಕೇಳ್ರಿ," ಮೈಬೂಬ ನಳಿಗೆಯ ಹಿಂದಿನ ಪೊಳ್ಳನ್ನು ಬೆರಳಿನಿಂದ ತೋರಿಸಿದ. "ಬಾಯಾರ, ನೀವೂ ನೋಡ್ರಿ. ಎಲ್ಲಾ ಕೆಲಸ ಆಗೂದು ಇಲ್ಲೇ. ತೋಟಾ ಕೂಡೂ ಮನಿ ಇದು. ಬಿಗೀದರಾಗ ಒಂದ ಎಳಿ ಕಸಾ ಇದ್ರೂ ತೋಟಾ ಪೂರಾ ಒಳಗ ಹೋಗೂದಿಲ್ಲ, ಹಿಂದಿನ ಬಾಗಲಾ ಅರ್ಧ ತೆರದಿರ್ತೈತಿ. ಆವಾಗ ಟ್ರಿಗರ್ ಒತ್ತಿದ್ರ ಒಮ್ಮೊಮ್ಮೆ ಹಾರಿಬಿಡ್ತೈತ್ರಿ. ಮುಂದ ಅಲ್ಲ, ಹಿಂದ. ಇಂಡಿ ಕಡೆ ಒಬ್ರು ಅದಾರ, ಈಗ ಒಂದ ಕಣ್ಣಾಗ ಪೇಪರ್ ಓದ್ತಾರ."

ಭಾಗೀರಥೀಬಾಯಿ ಸಡಿಲದ್ದನ್ನು ಮೊಮ್ಮಗಳ ಕಡೆ ಸರಿಸಿದರು. "ಹಂಗಾರ ಸಡ್ಲಂದೇ ತೊಗೋ, ಮಂಜು."

"ಸಡ್ಲಂದು ಬೇಕಿದ್ರ ಹಳೇದೇ ಇತ್ತಲ್ಲ ಅಜ್ಜಿ. ದಿನಾ ನಾನೇ ಒರಸ್ತೀನಿ. ನಿನ್ನ ಉಪ್ಪಿನಕಾಯಿ ಭರಣಿಕಿಂತಾ ಸ್ವಚ್ಛ ಇರ್ತದ."

"ಭರಣಿ ಯಾರ ಕಣ್ಣೂ ತಗೀಲಿಲ್ಲ," ಎಂದರು ಅಜ್ಜಿ. ಮೈಬೂಬ ನಕ್ಕ. ಮಂಜರಿ ನಗಲಿಲ್ಲ, ಬಿಗಿ ನಳಿಗೆಯನ್ನೇ ಕೂಡಿಸಿಕೊಂಡು ಬಂದಳು.

ಅಂದಿನಿಂದ ಭಾಗೀರಥೀಬಾಯಿಯ ಕಣ್ಣಿಗೆ ಇಂಡಿಯ ಆ ಮನುಷ್ಯ ಕಟ್ಟಿಬಿಟ್ಟ. ಅವನನ್ನು ಅವರು ಕಂಡವರಲ್ಲ. ಆದರೂ ಹಾಲು ಕಾಸುವಾಗ, ಬತ್ತಿ ಹೊಸೆಯುವಾಗ, ಒಂದು ಕಣ್ಣಿಲ್ಲದ ಆ ಮುಖ ಎದುರು ಬರುತ್ತಿತ್ತು. ಬರಬರುತ್ತ ಅದಕ್ಕೆ ಮಂಜರಿಯ ಮೂಗು, ಮಂಜರಿಯ ಗಲ್ಲ ಬಂದವು.

ಅಷ್ಟರಲ್ಲಿ ಆಯುಧ ಪೂಜೆಯ ನವಮಿ ಬಂತು. ಆ ಮನೆಯಲ್ಲಿ ಖಂಡೆ ಪೂಜೆಗೆ ಒಂದು ಪದ್ಧತಿಯಿತ್ತು. ಆಯುಧವಿರಲಿ, ಹತಾರವಿರಲಿ, ಅದು ಕೆಲಸ ಮಾಡುವ ಜಾಗಕ್ಕೇ ಗಂಧ ಹಚ್ಚಬೇಕು. ಕುಡುಗೋಲಿನ ಹಲ್ಲಿಗೆ, ಈಳಿಗೆಯ ಅಲಗಿಗೆ, ಹೊಲಿಗೆ ಮಷೀನಿನ ಸೂಜಿಗೆ. ಮಂಜರಿ ನಸುಕಿನಲ್ಲೇ ರೈಫಲ್ ಒರೆಸಿ, ನಳಿಗೆ ಬಿಚ್ಚಿ ತಟ್ಟೆಯಲ್ಲಿಟ್ಟು ಸ್ನಾನಕ್ಕೆ ಹೋದಳು. ಭಾಗೀರಥೀಬಾಯಿ ಸಾಣೆಕಲ್ಲಿನಿಂದ ಗಂಧ ತೆಗೆದರು. ದೇವಿ ಕಾಯಬೇಕಾದ ಜಾಗ ಯಾವುದೆಂದು ಮೈಬೂಬನೇ ತೋರಿಸಿದ್ದ. ಬೆರಳು ಹೋಗಲಿಲ್ಲ. ಹತ್ತಿಯ ಬತ್ತಿಯನ್ನು ಗಂಧದಲ್ಲಿ ಅದ್ದಿ, ನಳಿಗೆಯ ಹಿಂದಿನ ಪೊಳ್ಳಿನೊಳಗೆ ಸುತ್ತಲೂ ಹಚ್ಚಿದರು. "ತಾಯಿ, ಕೂಸಿನ ಕಣ್ಣು ನಿನ್ನ ಕಡೆ," ಎಂದು ಕೈಮುಗಿದಾಗ ಅಷ್ಟು ದಿನದ ಮೇಲೆ ಎದೆ ಹಗುರಾಯಿತು.

ಊಟವಾದ ಮೇಲೆ ಮಂಜರಿ ನಳಿಗೆ ಜೋಡಿಸಿದಳು. ಬೆಳಿಗ್ಗೆಯಷ್ಟೇ ಒರೆಸಿದ್ದಲ್ಲವೇ, ಮತ್ತೆ ಒಳಗೆ ನೋಡಲಿಲ್ಲ. ಬಾಗೇವಾಡಿಯ ಹೊರಗೆ ಹಾಳುಬಿದ್ದ ಕಲ್ಲುಗಣಿಯಲ್ಲಿ ಶೂಟಿಂಗ್ ಕ್ಲಬ್ಬಿನ ಜಾಗವಿತ್ತು. ಹಬ್ಬದ ದಿನ, ಬೇರೆ ಯಾರೂ ಬಂದಿರಲಿಲ್ಲ. ಪೂಜೆಯಾಗುವ ತನಕ ಹಾರಿಸದೆ ಇಟ್ಟಿದ್ದ ಹೊಸ ನಳಿಗೆಯ ಮೊದಲ ಗುಂಡು ನೋಡುತ್ತೇನೆಂದು ಅಜ್ಜಿಯೂ ಬಂದು ಹಿಂದಿನ ಕಲ್ಲಿನ ಮೇಲೆ ಕೂತರು.

ಮಂಜರಿ ಚಾಪೆಯ ಮೇಲೆ ಬೋರಲು ಮಲಗಿದಳು. ಸದ್ದು ಕೇಳದಂತೆ ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡಳು. ತೋಟೆಗಳ ಪೆಟ್ಟಿಗೆ ಸೇರಿಸಿ, ಹಿಡಿಕೆ ಎಳೆದು ಬಿಟ್ಟಳು. ಮೈಬೂಬನ ಅಂಗಡಿಯಲ್ಲಿ ಹಿಂದಿನ ಬಾಗಿಲು ಟಕ್ಕನೆ ಮುಚ್ಚಿಕೊಂಡಿತ್ತು. ಈಗ ಕೇಳಿದ್ದು ಒದ್ದೆ ಬಾಗಿಲು ತಳ್ಳಿದಂಥ ಮಂದ ಸದ್ದು. ಕಿವಿ ಮುಚ್ಚಿದ್ದ ಮಂಜರಿಗೆ ಅದು ಕೇಳಲೇ ಇಲ್ಲ.

ಒಂದ ಎಳಿ ಕಸಾ.

ಗಂಧ ಕಸವಾದೀತೆಂದು ಆ ಕ್ಷಣದ ತನಕ ಭಾಗೀರಥೀಬಾಯಿಗೆ ಹೊಳೆದೇ ಇರಲಿಲ್ಲ.

"ಮಂಜು," ಎಂದರು. ಮತ್ತೆ ಕೂಗಿದರು. ಗಣಿಯ ಗೋಡೆ ಆ ಕೂಗನ್ನು ತಿರುಗಿ ಕೊಟ್ಟಿತು, ಮಂಜರಿ ಮಾತ್ರ ಕದಲಲಿಲ್ಲ. ಕೆನ್ನೆ ರೈಫಲ್ಲಿಗೆ ಒರಗಿತ್ತು, ಬೆನ್ನು ಏರಿಳಿಯುವುದು ನಿಂತಿತ್ತು. ಉಸಿರು ಹಿಡಿದಳೆಂದರೆ ಮುಂದಿನದು ಬೆರಳು. ಗುರಿ ಹಿಡಿದವರನ್ನು ಮುಟ್ಟಬಾರದೆಂದು ಅವಳೇ ಹತ್ತು ಸಲ ಹೇಳಿದ್ದಳು. ಮುಟ್ಟಿದರೆ ಬೆಚ್ಚಿ ಒತ್ತಿಬಿಟ್ಟರೆ? ಮುಟ್ಟದಿದ್ದರೆ?

ಮೊಣಕಾಲಿನ ನೋವು ಎಲ್ಲಿ ಹೋಯಿತೋ. ಅವರು ಹೋಗಿ ನೆಲಕ್ಕೆ ಬಿದ್ದು ಅವಳ ಹಿಮ್ಮಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡರು, ಮೆಲ್ಲಗೆ, ಮಲಗಿದ ಕೂಸನ್ನು ಹಿಡಿದಂತೆ.

ಮಂಜರಿಯ ಬೆರಳು ಟ್ರಿಗರಿನಿಂದ ಹೊರಗೆ ಬಂತು. ನಳಿಗೆಯನ್ನು ಗುರಿಯ ಕಡೆಗೇ ಇಟ್ಟು ಕಿವಿಯ ಮುಚ್ಚಳ ಸರಿಸಿದಳು.

"ಒಳಗ ಗಂಧ ಹಚ್ಚೀನಿ," ಎಂದರು ಅಜ್ಜಿ.

"ಎಲ್ಲಿ?"

"ಮೈಬೂಬನೇ ಅಂದನಲ್ಲ, ಎಲ್ಲಾ ಕೆಲಸ ಅಲ್ಲೇ ಆಗೂದಂತ."

ಮಂಜರಿ ರೈಫಲ್ಲಿನ ಬದಿ ನೋಡಿದಳು. ಹಿಂದಿನ ಬಾಗಿಲು ಉಗುರಿನಷ್ಟು ತೆರೆದಿತ್ತು. ಪೆಟ್ಟಿಗೆ ತೆಗೆದಳು, ಹಿಡಿಕೆ ಎಳೆದಳು. ಕಚ್ಚಿಕೊಂಡಿದ್ದ ತೋಟೆ ಎರಡನೇ ಎಳೆತಕ್ಕೆ ಹೊರಗೆ ಬಿತ್ತು. ಅದರ ಮೈಮೇಲೆ ಗಂಧದ ಹಳದಿ ಮೆತ್ತಿತ್ತು. ಅದನ್ನು ಪಕ್ಕಕ್ಕಿಟ್ಟು ಅವಳು ಚಾಪೆಯ ಮೇಲೆ ಎದ್ದು ಕೂತಳು.

"ನಾಳೆ ಸಿಂದಗಿಗೆ ಹೋಗಿ ಸಡ್ಲಂದೇ ಹಾಕಿಸ್ಕೊಂಡು ಬರ್ತೀನಿ," ಎಂದಳು ಮಂಜರಿ.

"ಯಾಕ? ಇನ್ನ ನಾ ಹಚ್ಚಂಗಿಲ್ಲ."

"ಹಚ್ಚದಿದ್ರ ವರ್ಷಾ ಪೂರಾ ಹೆದರ್ಕೋತ ಕೂಡ್ತಿ. ನಿನ್ನ ನಾ ನೋಡಿಲ್ಲೇನು."

ಅದು ಖರೆ. ಗಂಧವಿಲ್ಲದ ಆಯುಧಕ್ಕೆ ದೇವಿಯ ಕಾವಲಿಲ್ಲವೆಂದೇ ನಂಬಿ ಬಾಳಿದವರು ಅವರು. ಈಗಿನ ಭಯಕ್ಕೆ ಅದೂ ಬಂದು ಸೇರಿತು. ನೆಲದ ಕಲ್ಲುಪುಡಿಯನ್ನು ಬೆರಳಿನಿಂದ ಎಳೆಯುತ್ತ ಕೇಳಿದರು, "ಗುರಿ ಯಾವದರಾಗ ಚಲೋ? ಖರೆ ಹೇಳು."

"ಇದರಾಗ."

"ಹಂಗಾರ ಇದೇ ಇರ್ಲಿ. ಪೂಜಾಕ್ಕ ಇದರ ಚೀಲ ಇಟ್ಟು ಅದಕ್ಕ ಗಂಧ ಹಚ್ತೀನಿ. ಹೆದರೂದು ನನ್ನ ಕೆಲಸ, ನಾ ಹೆದರ್ತೀನಿ. ನೀ ಒರಸು."

ಮಂಜರಿ ನಳಿಗೆ ಬಿಚ್ಚಿ, ಒರೆಸಿ, ಬೆಳಕಿಗೆ ಹಿಡಿದು ತೋರಿಸಿದಳು. "ಇನ್ನೊಮ್ಮೆ," ಎಂದರು ಅಜ್ಜಿ. ಮತ್ತೆ ಒರೆಸಿದಳು. "ಇನ್ನೊಮ್ಮೆ." ಬಟ್ಟೆ ಬೆಳ್ಳಗೆ ಬರುವ ತನಕ ಬಿಡಲಿಲ್ಲ.

ಆಮೇಲೆ ಮಂಜರಿ ನಳಿಗೆ ಜೋಡಿಸಿ ಮತ್ತೆ ಬೋರಲು ಮಲಗಿದಳು. ಹಿಂದಿನ ಬಾಗಿಲು ಟಕ್ಕೆಂದಿತು. ಭಾಗೀರಥೀಬಾಯಿ ಗುರಿಯ ಕಾಗದದ ಕಡೆ ನೋಡಲಿಲ್ಲ, ಮೊಮ್ಮಗಳ ಕೆನ್ನೆಯನ್ನೇ ನೋಡುತ್ತ ಕೂತರು. ಗುಂಡು ಹಾರಿತು. ಕೆನ್ನೆ ಹಾಗೇ ಇತ್ತು. ಇನ್ನೊಂದು ಹಾರಿತು. ಅವರು ರೆಪ್ಪೆ ಬಡಿಯಲಿಲ್ಲ.