ಬೀದಿಯ ನಡುವಿನ ಬೇಲಿ

ಬೇಲಿ ಕಟ್ಟುವವನಿಗೆ ಆ ಬೀದಿ ಹೊಸದೇನಲ್ಲ. ಈ ಸಾಲಿನಲ್ಲಿ ಅವನೂ ಅಮ್ಮನೂ ಇರುವ ಮನೆ, ಎದುರು ಸಾಲಿನಲ್ಲಿ ಅಕ್ಕನ ಮನೆ. ದೇಶದ ಗಡಿ ಬೀದಿಯ ನಡುವೆಯೇ ಹಾದುಹೋಗುತ್ತದೆ ಎಂಬುದನ್ನು ಯಾರೂ ತಲೆಗೆ ಹಚ್ಚಿಕೊಂಡಿರಲಿಲ್ಲ. ಈಗ ಅಲ್ಲಿ ತಂತಿಬಲೆ ಎಬ್ಬಿಸಬೇಕೆಂದು ಮೇಲಿನಿಂದ ಅಪ್ಪಣೆ ಬಂತು, ಕೆಲಸ ಅವನ ಕೊರಳಿಗೇ ಬಿತ್ತು. ಒಲ್ಲೆ ಎಂದರೆ ಇನ್ನೊಬ್ಬ ಬರುತ್ತಿದ್ದ, ಅಷ್ಟೆ.

ಅಕ್ಕನ ಬಾಗಿಲೆದುರು ಕಂಬ ನೆಡುವಾಗ ಅವನು ತಲೆ ಎತ್ತಲಿಲ್ಲ.

"ಒಂದಾಳು ನುಸುಳೋವಷ್ಟು ಸಂದಿ ಬಿಡೋ. ಇಲ್ದಿದ್ರೆ ಅಮ್ಮನ ತಲೆ ಬಾಚೋಕೆ ನಾನು ಹೇಗೆ ಬರ್ಲಿ?" ಎಂದಳು ಅಕ್ಕ.

"ಹಿಂದೆ ಕಾವಲಿನವನು ಬಂದೂಕು ಹಿಡ್ಕೊಂಡು ನಿಂತಿದ್ದಾನೆ ಅಕ್ಕ," ಎಂದು ಅವನು ಪಿಸುಗುಟ್ಟಿದ.

ಅವಳು ಕಾವಲುಗಾರನನ್ನು ನೋಡಿದಳು. "ಸರಿ, ತಂತಿ ತುದಿಯಾದ್ರೂ ಮಡಚು. ಮಕ್ಕಳು ಆಡ್ತಾವೆ," ಎಂದು ಒಳಗೆ ಹೋದಳು. ಅವನು ಒಂದೊಂದೇ ತುದಿಯನ್ನು ಇಕ್ಕಳದಿಂದ ಮಡಚಿದ.

ಮರುದಿನ ಸಂಜೆ ಅಮ್ಮ ಹಟ ಹಿಡಿದಳು. ಮಗಳು ಬಂದಿಲ್ಲವೆಂದು ತುತ್ತು ಬಾಯಿಗಿಡಲಿಲ್ಲ. ಮರೆವು ಹತ್ತಿದ ಅವಳಿಗೆ ಬೇಲಿಯ ವಿಷಯ ಎಷ್ಟು ಹೇಳಿದರೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಅವನು ಅವಳನ್ನು ಕುರ್ಚಿ ಸಮೇತ ಎತ್ತಿ ತಂದು ಬೇಲಿಯ ಬಳಿ ಕೂರಿಸಿ, ಅಕ್ಕನನ್ನು ಕೂಗಿದ. ಅಕ್ಕ ಬಾಚಣಿಗೆ ಹಿಡಿದೇ ಓಡಿ ಬಂದಳು. ಬಲೆಯ ಕಣ್ಣಿನಲ್ಲಿ ಎರಡು ಬೆರಳಷ್ಟೇ ತೂರಿದವು. ಅವುಗಳಿಂದಲೇ ಅಮ್ಮನ ಹಣೆಯ ಮೇಲಿನ ಕೂದಲು ಸರಿಸಿದಳು.

"ಅಲ್ಲೇ ಯಾಕೆ ನಿಂತಿದ್ದೀಯಾ? ಒಳಗೆ ಬಾ," ಎಂದಳು ಅಮ್ಮ. ಅಕ್ಕ ಬೆರಳು ಹಿಂದಕ್ಕೆ ತೆಗೆದು ಮುಖ ಆಚೆ ತಿರುಗಿಸಿದಳು.

ಅಮ್ಮ ಮಗನತ್ತ ತಿರುಗಿದಳು. "ಮುನಿಸ್ಕೊಂಡಿದ್ದಾಳೆ. ನೀನೇ ಏನೋ ಅಂದಿರ್ಬೇಕು. ಕರೆಯೋ ಅವಳನ್ನ."

ಅವನು ಬೇಲಿಯ ಆಚೆ ನೋಡಿ, "ಬಾ ಅಕ್ಕ," ಎಂದ.