ಇಲ್ಲದ ಗೆಳತಿಯರಿಗೆ ಕಡುಬು

ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿದ ಮೇಲೆ ಗುತ್ಯಮ್ಮನ ಮನೆಯವರು ಹೊಸನಗರದ ಕಡೆಗೆ ಬಂದು ನೆಲೆಸಿದರು. ಗುತ್ಯಮ್ಮನನ್ನು ಅಲ್ಲೇ ಒಂದು ಮಿಡ್ಲ್ ಸ್ಕೂಲಿಗೆ, ಏಳನೇ ಕ್ಲಾಸಿಗೆ ಸೇರಿಸಿದರು. ಹೊಳೆಯ ಆಚೆ ದಡದ ದೋಣಿಯವನನ್ನು ಕೂಗಿ ಕೂಗಿ ಪಳಗಿದ ಗಂಟಲು ಅವಳದು. ಮೊದಲ ದಿನದ ಪ್ರಾರ್ಥನೆಯಲ್ಲೇ ಮನಸ್ಸು ಬಿಚ್ಚಿ ಹಾಡಿದಳು. ಶಾಲೆಯ ಕಾಯಂ ಹಾಡುಗಾರ್ತಿ ತುಂಗಾಳ ಬಾಯಿ ಆಡುವುದು ಕಂಡಿತೇ ಹೊರತು ದನಿ ಯಾರಿಗೂ ಕೇಳಿಸಲಿಲ್ಲ.

ಮಧ್ಯಾಹ್ನದೊಳಗೆ ತೀರ್ಮಾನವಾಯಿತು. "ಅವಳ ಹತ್ರ ಎಲ್ರೂ ಠೂ ಬಿಡಿ," ಎಂದಳು ತುಂಗಾ. ಹುಡುಗಿಯರು ಬಿಟ್ಟರು. ಲಕ್ಷ್ಮೀ ಮಾತ್ರ ಯಾಕೆಂದು ಕೇಳಿದಳು. ತನಗೂ ಠೂ ಬೀಳುತ್ತದೆಂದು ತಿಳಿದ ಕೂಡಲೇ ಎಲ್ಲರಿಗಿಂತ ಗಟ್ಟಿಯಾಗಿ ಬಿಟ್ಟಳು.

ಅಂದಿನಿಂದ ಗುತ್ಯಮ್ಮ ಬೆಂಚಿನ ತುದಿಯಲ್ಲಿ ಒಬ್ಬಳೇ. ಕುಂಟಾಬಿಲ್ಲೆಯ ಹತ್ತಿರ ಹೋದರೆ ಆಟ ನಿಲ್ಲುತ್ತಿತ್ತು. ವಾಪಸಾದರೆ ಮತ್ತೆ ಶುರುವಾಗುತ್ತಿತ್ತು. ಬುತ್ತಿಯನ್ನು ಶಾಲೆಯ ಹಿಂದೆ ಗೋಡೆಗೆ ಮುಖಮಾಡಿ ಉಣ್ಣುತ್ತಿದ್ದಳು, ಅಳು ಬಂದರೆ ಯಾರಿಗೂ ಕಾಣದಿರಲಿ ಎಂದು.

"ಗೆಳತೀರು ಸಿಕ್ಕಿದ್ರೇನೇ?" ಎಂದು ಅವ್ವ ಹುಲಿಗೆಮ್ಮ ದಿನಾ ಕೇಳುವಳು. ಊರು ಬಿಟ್ಟ ದುಃಖದಲ್ಲಿದ್ದ ಅವ್ವನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. "ಬೇಕಾದಷ್ಟು ಜನ," ಎಂದಳು. ಹೇಳುತ್ತ ಹೇಳುತ್ತ ಸುಳ್ಳಿನ ರುಚಿಯೂ ಹತ್ತಿತು. ತುಂಗಾ ತನಗೆ ಜಡೆ ಹೆಣೆದಳು, ಲಕ್ಷ್ಮೀ ಕೈ ಹಿಡಿದುಕೊಂಡು ಅರ್ಧ ದಾರಿ ಬಂದಳು, ಇನ್ನೂ ಏನೇನೋ.

ಒಂದು ದಿನ ಊಟದ ಬಿಡುವಿನಲ್ಲಿ ಹುಲಿಗೆಮ್ಮ ಬುಟ್ಟಿ ಹೊತ್ತು ಶಾಲೆಯ ಅಂಗಳಕ್ಕೆ ಬಂದೇಬಿಟ್ಟಳು. ಅರಿಶಿನದೆಲೆಯ ಕಡುಬಿನ ಘಮ ಅವಳಿಗಿಂತ ಮುಂದೆ ಬಂದಿತ್ತು.

"ತುಂಗಾ ಅಂದ್ರೆ ಯಾರ್ರವ್ವಾ?"

ಅವ್ವನ ದನಿ ಕೇಳಿ ಗುತ್ಯಮ್ಮ ಶಾಲೆಯ ಹಿಂದಿನಿಂದ ಓಡಿಬಂದಳು. ತುಂಗಾ ಎದ್ದು ನಿಂತಳು.

"ನೀನೇನಾ! ನಮ್ಮ ಹುಡುಗಿ ಬಾಯಲ್ಲಿ ಬರೀ ನಿನ್ನ ಹೆಸ್ರೇ. ನೀ ಇಲ್ದಿದ್ರೆ ಇವ್ಳು ಶಾಲೆ ಬಿಟ್ಟೇಬಿಡ್ತಿದ್ಲು," ಎಂದು ಹುಲಿಗೆಮ್ಮ ಅವಳ ಕೆನ್ನೆ ಸವರಿ ಕೈಗೆ ಕಡುಬಿಟ್ಟಳು.

ತುಂಗಾ ಗುತ್ಯಮ್ಮನ ಕಡೆ ನೋಡಿದಳು. ಆ ಕಣ್ಣುಗಳು ತುಂಬಿ ನಿಂತಿದ್ದವು.

"ಹೌದಮ್ಮ, ನಾವು ಒಟ್ಟಿಗೇ ಇರ್ತೀವಿ," ಎಂದುಬಿಟ್ಟಳು. ಲಕ್ಷ್ಮೀ ತಲೆಯಷ್ಟೇ ಆಡಿಸಿದಳು. ಬಾಯಿ ತುಂಬ ಕಡುಬಿತ್ತು.

ಹುಲಿಗೆಮ್ಮ ಆಚೆ ಹೋದ ಮೇಲೆ ತುಂಗಾ ಸೊಂಟದ ಮೇಲೆ ಕೈಯಿಟ್ಟಳು. "ಮತ್ತೇನೇನು ಹೇಳಿದೀಯೇ? ನಿಮ್ಮಮ್ಮ ಇನ್ನೊಂದ್ಸಲ ಬಂದ್ರೆ ನಂಗೆ ಗೊತ್ತಿರ್ಬೇಕಲ್ಲ."

"ನಿಂಗೆ ಲೆಕ್ಕ ಬರಲ್ಲ, ನಾನೇ ಹೇಳ್ಕೊಡೋದು ಅಂತ..."

"ಏನು!"

"ಕಪ್ಪೆ ಕಂಡು ಹೆದ್ರಿ ನೀನು ನನ್ನ ಬೆನ್ನ ಮೇಲೆ ಹತ್ತಿದ್ದೆ ಅಂತ..."

ಲಕ್ಷ್ಮೀಗೆ ನಗು ಉಕ್ಕಿ ಕಡುಬು ನೆತ್ತಿಗೇರಿತು. ತುಂಗಾ ಸಿಟ್ಟಾಗಲು ನೋಡಿದಳು, ಆಗಲಿಲ್ಲ; ಅವಳೂ ನಕ್ಕಳು. ಗಂಟೆ ಹೊಡೆದದ್ದೇ ತಿಳಿಯಲಿಲ್ಲ.

ತಡವಾಗಿ ಬಂದದ್ದಕ್ಕೆ ಮೇಷ್ಟ್ರು ಮೂವರನ್ನೂ ಜಗಲಿಯಲ್ಲಿ ನಿಲ್ಲಿಸಿದರು. "ಎಲ್ಲಾ ನಿನ್ನಿಂದ್ಲೇ ಕಣೇ," ಎಂದು ತುಂಗಾ ಚಿವುಟಿದಳು. ಗುತ್ಯಮ್ಮ ತಿರುಗಿ ಚಿವುಟಿದಳು. ಸ್ವಲ್ಪ ಹೊತ್ತಿಗೆ ಮೇಷ್ಟ್ರು ಒಳಗೆ ಕರೆದಾಗ, ಇಷ್ಟು ಬೇಗ ಯಾಕೆ ಕರೆದರೋ ಎಂದು ಅವಳಿಗೆ ಬೇಜಾರೇ ಆಯಿತು.