ರಾಮಾತಾಳ್ ಅವರ ತೋಳ್ಬಲ

ಮದುವೆಯಾದಂದಿನಿಂದ ರಾಮಾತಾಳ್ ಅವರು ಅವಿನಾಶಿ ಊರಿನಲ್ಲಿರುವ ತಮ್ಮ ತಂಗಿ ಪಂಕಜಂ ಮನೆಯಲ್ಲಿ ಒಂದು ಊಟವನ್ನೂ ಸಮಾಧಾನವಾಗಿ ಮುಗಿಸಿದವರಲ್ಲ. ಪಾಯಸ ಬಡಿಸುವ ಹೊತ್ತಿಗೆ ಪತಿ ದೊರೈಸಾಮಿಯವರಿಗೆ ಉಡುಮಲೈಪೇಟೆಯಲ್ಲಿರುವ ತಮ್ಮ ತೆಂಗಿನೆಣ್ಣೆ ಗಾಣದ ನೆನಪಾಗುತ್ತಿತ್ತು. ನೆನಪಾದೊಡನೆ ಕಾರು ಹೊರಡುತ್ತಿತ್ತು. ಆದುದರಿಂದ ಐವತ್ತು ದಾಟಿದ ಮೇಲೆ ಆಕೆ ತಾನೇ ಕಾರು ಕಲಿಯುವುದೆಂದು ನಿಶ್ಚಯಿಸಿದರು. ದೊರೈಸಾಮಿ ಬೇಡವೆನ್ನಲಿಲ್ಲ, ಷರತ್ತು ವಿಧಿಸಿದರು. ಪೊಂಗಲ್ ದಿನ ಗಾಣದ ಅಂಗಳದಲ್ಲಿ, ಕೊಬ್ಬರಿ ಒಣಹಾಕಿದ ಚಾಪೆಗಳ ನಡುವೆ, ಕಾರನ್ನು ಹಿಮ್ಮುಖವಾಗಿ ತಂದು ನಿಲ್ಲಿಸಬೇಕು. ಒಂದು ಹೋಳು ಕೊಬ್ಬರಿ ನಜ್ಜಾದರೂ ಕಲಿಕೆ ಅಲ್ಲಿಗೆ ಮುಗಿಯಿತು.

ಪಾಠ ಹೇಳುವ ಹೊಣೆ ನನ್ನದಾಯಿತು. ಮೆಟ್ಟುಪಾಳ್ಯಂನಲ್ಲಿ ಆಲೂಗಡ್ಡೆ ಲಾರಿ ಬಿಟ್ಟು ಬಂದವನು, ಮುಂದಿನ ಊರಿಗೆ ಮನಸ್ಸು ಹೊರಳುವವರೆಗೆ ಅವರ ಓಣಿಯ ಡ್ರೈವಿಂಗ್ ಶಾಲೆಯಲ್ಲಿದ್ದೆ. ಮನೆಯೊಳಗೆ ಅವರು ಆಡುತ್ತಿದ್ದ ತಮಿಳು ಬೆರೆತ ಕನ್ನಡ ಕಿವಿಗೆ ಬಿದ್ದ ದಿನವೇ ಸಂಬಳದ ಮಾತು ಮರೆತು ಒಪ್ಪಿಕೊಂಡೆ.

ಪೊಂಗಲ್‌ಗೆ ಮುಂಚಿನ ಮಾರ್ಗಳಿ ತಿಂಗಳ ಚಳಿಯಲ್ಲಿ, ಬೆಳಕು ಹರಿಯುತ್ತಲೇ ಪಾಠ. ಆದರೆ ಸ್ಟಿಯರಿಂಗ್ ಚಕ್ರ ಬಂಡೆಗೆ ಬೆಸೆದಂತಿತ್ತು. ತಿರುಗಿಸಹೋದರೆ ಬಾನೆಟ್ಟಿನೊಳಗಿಂದ ಯಾರೋ ನರಳಿದ ಸದ್ದು.

"ತಂಬಿ, ಹಿಟ್ಟು ರುಬ್ಬೋ ಆಟ್ಟುಕಲ್ಲು ಇದಕ್ಕಿಂತ ವಾಸಿ," ಎಂದು ರಾಮಾತಾಳ್ ಏದುಸಿರುಬಿಟ್ಟರು.

ದೊರೈಸಾಮಿ ಜಗಲಿಯಲ್ಲಿ ಕಾಫಿ ಆರಿಸಿಕೊಳ್ಳುತ್ತ, "ವಂಡಿಯಲ್ಲಿ ಒಂದು ಕೊರೆಯೂ ಇಲ್ಲ ಕಣೇ. ಕೈಯಲ್ಲಿ ತೆಂಬಿಲ್ಲ, ಬಲ ಇಲ್ಲ, ಅಷ್ಟೆ. ನಾನಾದ್ರೆ ಒಂದೇ ಬೆರಳಲ್ಲಿ ತಿರುಗಿಸ್ತೀನಿ," ಎಂದರು.

ಅದು ಬರಿಯ ಜಂಭವಾಗಿರಲಿಲ್ಲ. ಮಧ್ಯಾಹ್ನ ಅವರು ಪೇಟೆಗೆ ಹೊರಟಾಗ ಚಕ್ರ ನಿಜವಾಗಿಯೂ ಒಂದು ಬೆರಳಿಗೆ ಬಗ್ಗುತ್ತಿತ್ತು. ಬೆಳಿಗ್ಗೆಯೂ ಪಾಠ ಮುಗಿಯುವ ವೇಳೆಗೆ ತುಸು ಸಡಿಲವಾಗುತ್ತಿತ್ತು. ಅದನ್ನು ನಾನು ಶಿಷ್ಯೆಯ ಪ್ರಗತಿಯೆಂದು ತಿಳಿದು ಹಿಗ್ಗುತ್ತಿದ್ದೆ.

ಇನ್ನೊಂದು ಒಗಟೂ ಇತ್ತು. ಮಧ್ಯಾಹ್ನ ಮುಂದಿನ ಚಕ್ರಗಳ ಬಳಿ ನೆಲ ಜಿಡ್ಡಾಗಿ ಒದ್ದೆಯಾಗಿರುತ್ತಿತ್ತು. ಬೆಳಿಗ್ಗೆ ಒಂದು ಹನಿಯೂ ತೊಟ್ಟಿಕ್ಕುತ್ತಿರಲಿಲ್ಲ.

"ಸಣ್ಣ ಲೀಕು," ಎಂದರು ದೊರೈಸಾಮಿ. "ಕಾರ್ತೀಕದಿಂದ ನಾನೇ ಎಣ್ಣೆ ಹಾಕಿ ಸರಿತೂಗಿಸ್ತಾ ಇದ್ದೀನಿ."

ಯಾವ ಎಣ್ಣೆಯೆಂದು ಕೇಳಬೇಕೆಂದು ಯಾರಿಗೂ ತೋಚಲಿಲ್ಲ.

ಪೊಂಗಲ್ ಹತ್ತಿರವಾಗುತ್ತಿದ್ದಂತೆ ರಾಮಾತಾಳ್ ಅವರ ಭುಜಗಳಿಗೆ ನೋವಿನ ಪಟ್ಟಿ ಬಿತ್ತು. ನಾನು ಮೆಕ್ಯಾನಿಕ್ ಲೋಗನಾಥನ್ ಅವರನ್ನು ಕರೆತಂದೆ. ಮಧ್ಯಾಹ್ನ ಬಂದವರು ಚಕ್ರ ತಿರುಗಿಸಿ, "ಹೂವು ಹಾಗೆ ತಿರುಗುತ್ತೆ, ಇದಕ್ಕೆ ನಾನ್ಯಾಕೆ?" ಎಂದು ಕೇಳಿದರು. ಒದ್ದೆ ತೋರಿಸಿದ ಮೇಲೆ ಕಾರಿನಡಿ ತೂರಿದರು. ಸ್ಟಿಯರಿಂಗ್ ತಿರುಗಿಸಿದಾಗ ಮುಂದಿನ ಚಕ್ರಗಳನ್ನು ಎಡಬಲಕ್ಕೆ ತಳ್ಳುವ ಹಲ್ಲಿನ ಸರಳಿಗೆ ರ್ಯಾಕ್ ಎಂದು ಹೆಸರು; ಅದರ ಎರಡು ತುದಿಗೂ ನೆರಿಗೆಯ ರಬ್ಬರ್ ಗವುಸು. ಲೋಗನಾಥನ್ ಒಂದು ಗವುಸನ್ನು ಹಿಸುಕಿದೊಡನೆ ಒಳಗೆ ತುಂಬಿದ್ದ ಎಣ್ಣೆ ನೇರ ಅವರ ಮೀಸೆಗೆ ಇಳಿಯಿತು.

"ಒಳಗಿನ ಸೀಲು ಹೋಗಿದೆ, ಅಣ್ಣಾ! ರ್ಯಾಕು ಇಳಿಸಲೇಬೇಕು!" ಎಂದರು. ನೆಗಡಿಯಿಂದ ಮೂಗು ಕಟ್ಟಿತ್ತು. ಎಣ್ಣೆಯ ವಾಸನೆ ಅವರಿಗೆ ತಿಳಿಯಲಿಲ್ಲ.

"ಲೀಕು ಇರ್ಲಿ. ಇವಳಿಗೆ ಬೆಳಿಗ್ಗೆ ತಿರುಗಲ್ವಲ್ಲ, ಅದಕ್ಕೆ ಯಾವ ಸೀಲು ಹೋಗಿದೆ?" ಎಂದು ದೊರೈಸಾಮಿ ನಕ್ಕರು.

ಮರುದಿನ ಬೆಳಿಗ್ಗೆಯೇ ಬಂದ ಲೋಗನಾಥನ್ ಬಾನೆಟ್ ಎತ್ತಿ, ಸ್ಟಿಯರಿಂಗನ್ನು ಹಗುರಗೊಳಿಸುವ ಎಣ್ಣೆಯ ಡಬ್ಬಿಯ ಮುಚ್ಚಳ ತಿರುಚಿ, ಎರಡೆರಡು ಸಲ ಇಣುಕಿದರು. ಒಳಗೆ ಬೆಣ್ಣೆಯಂಥ ಬಿಳಿಯ ಗಟ್ಟಿ ವಸ್ತು.

"ಫಾರಿನ್ ಗ್ರೀಸು," ಎಂದು ಕೊನೆಗೆ ಗಂಭೀರವಾಗಿ ಘೋಷಿಸಿದರು. "ಕಂಪನಿಯವರೇ ಹಾಕಿರಬೇಕು."

ಮೆಕ್ಯಾನಿಕ್ಕನ್ನು ಪಕ್ಕಕ್ಕೆ ಸರಿಸಿ ರಾಮಾತಾಳ್ ತೋರುಬೆರಳಿನಿಂದ ಒಂದು ಚೂರು ಕೆತ್ತಿ ಅಂಗೈಯಲ್ಲಿ ಉಜ್ಜಿದರು. ಅದು ಕರಗಿ ತಿಳಿಯಾಯಿತು. ಮೂಸಿದರು. ಆಮೇಲೆ ನಿಧಾನವಾಗಿ ಜಗಲಿಯ ಕಡೆ ತಿರುಗಿದರು.

"ಏನುಂಗ, ಇದು ನಮ್ಮ ಗಾಣದ್ದು."

ದೊರೈಸಾಮಿ ಕಾಫಿಯ ಲೋಟದೊಳಗೆ ನೋಡಿದರು.

"ಚಳಿಗೆ ಗಟ್ಟಿಯಾಗೋ ಬಚ್ಚಲ ಎಣ್ಣೆ ಬಾಟ್ಲೀನ ದಿನಾ ಬಿಸಿಲಿಗಿಟ್ಟು ಕರಗಿಸೋಳು ನಾನು. ಅದನ್ನೇ ಇದಕ್ಕೂ ಹುಯ್ದು, ನನ್ನ ಕೈಯಲ್ಲಿ ತೆಂಬಿಲ್ಲ ಅಂತ ಬೀದಿಯೆಲ್ಲ ಸಾರಿದ್ರಾ?"

"ಅಂಗಡಿ ಎಣ್ಣೆಯಲ್ಲಿ ಏನು ಕಲಬೆರಕೆಯೋ," ಎಂದು ದೊರೈಸಾಮಿ ಮೆಲ್ಲನೆ ಆರಂಭಿಸಿದರು. "ನಮ್ಮದು ಸುದ್ದ. ತಲೆಗೆ ಹಾಕಿದ್ರೆ ಕೂದಲು ಬೆಳೆಯುತ್ತೆ, ಮಂಡಿಗೆ ಹಾಕಿದ್ರೆ ನೋವು ಹೋಗುತ್ತೆ..."

"ರ್ಯಾಕಿಗೆ ಹಾಕಿದ್ರೆ ರ್ಯಾಕು ಹೋಗುತ್ತೆ, ಅಣ್ಣಾ," ಎಂದರು ಲೋಗನಾಥನ್, ಫಾರಿನ್ ಗ್ರೀಸನ್ನು ಎಲ್ಲರೂ ಮರೆಯಲೆಂಬ ಆತುರದಿಂದ.

ದೊರೈಸಾಮಿ ಹತ್ತಿರ ಬಂದು ಡಬ್ಬಿಯೊಳಗೆ ಇಣುಕಿದರು. ಅವರ ಮುಖ ಮೆಲ್ಲಗೆ ಅರಳಿತು. "ಆದ್ರೂ ನೋಡಿ, ಎಷ್ಟು ಬೆಳ್ಳಗೆ ಗಟ್ಟಿಯಾಗಿದೆ! ಕಲಬೆರಕೆಯಾಗಿದ್ರೆ ಹೀಗೆ ಆಗುತ್ತಾ?"

ರ್ಯಾಕ್ ಕಳಚಿ ಕೊಯಮತ್ತೂರಿಗೆ ಹೋಯಿತು. ಒಳಗಿನ ಸೀಲುಗಳು ನೆನೆಹಾಕಿದ ಕಡಲೆಯಂತೆ ಊದಿಕೊಂಡಿದ್ದವಂತೆ. ಹೊಸ ಸೀಲುಗಳೊಡನೆ ಅದು ಮರಳಿದ ಮೇಲೆ ಲೋಗನಾಥನ್ ಪಂಪು, ಕೊಳವೆ ಎಲ್ಲವನ್ನೂ ತೊಳೆದು, ಡಬ್ಬಿಗೆ ಅದರದೇ ಎಣ್ಣೆ ತುಂಬಿದರು. ಒಳಗೆ ಸಿಕ್ಕಿದ್ದ ಗಾಳಿ ಹೊರಹೋಗಲೆಂದು ರಾಮಾತಾಳ್ ಸ್ಟಿಯರಿಂಗನ್ನು ಎಡತುದಿಯಿಂದ ಬಲತುದಿಗೆ ತಿರುಗಿಸುತ್ತ ಕೂತರು. ಗುಳ್ಳೆಗಳು ನಿಂತ ಮೇಲೂ ಅವರು ನಿಲ್ಲಿಸಲಿಲ್ಲ. ಅದು ಅಷ್ಟು ಹಗುರವಾಗಿತ್ತು. ಆ ಹಗುರವೇ ಹೊಸ ತೊಂದರೆಯಾಯಿತು. ಒರಳು ತಿರುಗಿಸುವ ಬಲವನ್ನು ರೂಢಿ ಮಾಡಿಕೊಂಡಿದ್ದ ಅವರು ಮೊದಲ ತಿರುವಿನಲ್ಲಿಯೇ ನನ್ನನ್ನು ಬೇಲಿಯ ಕಡೆಗೆ ಒಯ್ದರು. ಉಳಿದ ದಿನಗಳೆಲ್ಲ ಬಲವನ್ನು ಮರೆಯುವುದರಲ್ಲಿಯೇ ಕಳೆದವು.

ಪೊಂಗಲ್ ಬೆಳಿಗ್ಗೆ ಕಾರು ಚಾಪೆಗಳ ನಡುವೆ ಹಿಂದೆ ಸರಿದು, ಅಲುಗದೆ ನಿಂತಿತು. ದೊರೈಸಾಮಿ ಬಗ್ಗಿ ಎರಡೂ ಕಡೆಯ ಕೊಬ್ಬರಿಯನ್ನು ಪರೀಕ್ಷಿಸಿ, "ಇದು ಸೆಲ್ಲದು, ಲೆಕ್ಕಕ್ಕಿಲ್ಲ," ಎಂದರು. "ರ್ಯಾಕು ಹೊಸದು. ಕೂಸು ಕೂಡ ತಿರುಗಿಸುತ್ತೆ."

"ಸರಿಂಗ," ಎಂದರು ರಾಮಾತಾಳ್, ಎಂಜಿನ್ ಆರಿಸದೆ. "ನಿಮ್ಮ ಎಣ್ಣೇನೇ ಮತ್ತೆ ಹುಯ್ಯಿರಿ. ನಾಳೆ ಬೆಳಿಗ್ಗೆ ಚಳಿಯಲ್ಲಿ ಮೊದಲು ನೀವು ತಿರುಗಿಸಿ. ಆಮೇಲೆ ನಾನು."

"ಅಯ್ಯೋ, ವೇಣಾಂಗ, ಬೇಡ!" ಎಂದು ಗೇಟಿನಿಂದ ಲೋಗನಾಥನ್ ಕೂಗಿಕೊಂಡರು.

ದೊರೈಸಾಮಿ ಕೊಬ್ಬರಿಯತ್ತ ನೋಡಿದರು, ಹೆಂಡತಿಯ ತೋಳುಗಳತ್ತ ನೋಡಿದರು, ಕೊನೆಗೆ ಪಂಚೆ ಸರಿಪಡಿಸಿಕೊಂಡು ಕಾರಿನ ಹಿಂಬಾಗಿಲಿಗೆ ಕೈಯಿಟ್ಟು ಕೇಳಿದರು: "ಅವಿನಾಶಿಗೆ ಎಷ್ಟೊತ್ತಿಗೆ ಹೊರಡೋದು?"

"ನೀವೂ ಬರ್ತೀರಾ?" ರಾಮಾತಾಳ್ ನಿಜವಾಗಿಯೂ ಆಶ್ಚರ್ಯಪಟ್ಟರು. "ನಿಮಗೆ ಗಾಣ ಇದೆಯಲ್ಲ!"